ಒಂದರಿಂದ ಹತ್ತು ಎಲ್ಲಿ? ಹಳೇ ಕಾಮಿಕ್ಸ್ ಹುಡುಕುವವರ ಕಥೆ

ಮಾಟುಂಗಾದ ಕಿಂಗ್ಸ್ ಸರ್ಕಲ್ ಹತ್ತಿರ ಫುಟ್‌ಪಾತ್ ಮೇಲೆ ಹಳೇ ಪುಸ್ತಕದ ಅಂಗಡಿಗಳ ಸಾಲು ಇದೆ. ಉಡುಪಿ ಹೋಟೆಲಲ್ಲಿ ಊಟ ಮುಗಿಸಿ ಬಂದ ನಮ್ಮವರು ಅಲ್ಲಿ ಐದು ನಿಮಿಷ ನಿಲ್ಲದೆ ಮುಂದೆ ಹೋಗುವುದು ಕಡಿಮೆ. ಅಮರ ಚಿತ್ರಕಥೆಯ ರಾಶಿ ಕೆದಕುವವರಿಗೆ ಅಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ. ಇಂಗ್ಲಿಷ್ ಸರಣಿಯ ‘ಕೃಷ್ಣ’ ಪುಸ್ತಕದ ಸಂಖ್ಯೆ 11. ಮೊದಲ ಕಥೆ ಅದೇ ಎಂದು ಎಲ್ಲರೂ ಹೇಳುತ್ತಾರೆ. ಹಾಗಾದರೆ ಒಂದರಿಂದ ಹತ್ತು ಎಲ್ಲಿ ಹೋಯಿತು?

ಉತ್ತರ ಇರುವುದು ಕನ್ನಡದಲ್ಲಿ. ಇದು ಮುಂಬೈಯ ಎಷ್ಟೋ ಕನ್ನಡಿಗರಿಗೇ ಗೊತ್ತಿಲ್ಲ.

ಇಂಡಿಯಾ ಬುಕ್ ಹೌಸ್ ಮುಂಬೈಯ ಪ್ರಕಾಶನ ಸಂಸ್ಥೆ. ಅದರ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಹೇಳಿಕೊಂಡಂತೆ, 1965ರಲ್ಲಿ ಅಮರ ಚಿತ್ರಕಥೆ ಶುರುವಾದದ್ದು ಕನ್ನಡದಲ್ಲಿ. ಆಗ ಬಂದದ್ದು ಪುರಾಣವಲ್ಲ, ಸಿಂಡರೆಲ್ಲಾ ತರಹದ ವಿದೇಶಿ ಮಕ್ಕಳ ಕಥೆಗಳು. ಅಂಥ ಹತ್ತು ಪುಸ್ತಕ ಬಂದವು, ಚೆನ್ನಾಗಿ ಮಾರಾಟವಾದವು. ಆ ಗೆಲುವು ನೋಡಿ ಮುಂಬೈ ಕಚೇರಿಗೆ ಧೈರ್ಯ ಬಂತು. ಆಮೇಲೆ ಸಂಪಾದಕರಾಗಿ ಅನಂತ ಪೈ ಬಂದರು, ಪುರಾಣ ಮತ್ತು ಇತಿಹಾಸದ ಕಥೆಗಳು ಬಂದವು, ಸಂಖ್ಯೆ 11ರಿಂದ ಮುಂದುವರಿಯಿತು. ಪೈ ಅವರೂ ನಮ್ಮ ಕಾರ್ಕಳದವರೇ. 1967ರಲ್ಲಿ ದೆಹಲಿಯಲ್ಲಿ ಟಿವಿ ಕ್ವಿಜ್ ಒಂದರಲ್ಲಿ ಮಕ್ಕಳಿಗೆ ರಾಮನ ತಾಯಿಯ ಹೆಸರು ಹೇಳಲಾಗಲಿಲ್ಲ ಎಂದು ಅವರು ಬೇಸರಪಟ್ಟ ಕಥೆಯನ್ನು ಎಲ್ಲರೂ ಕೇಳಿದ್ದೇವೆ. ಆದರೆ ಅದಕ್ಕೂ ಮುಂಚಿನ ಈ ಕನ್ನಡದ ಹತ್ತು ಪುಸ್ತಕಗಳ ಕಥೆ ಯಾರ ಬಾಯಲ್ಲೂ ಬರುವುದಿಲ್ಲ. ನನಗೆ ಇದು ನಿಜವಾಗಿಯೂ ನೋವಿನ ಸಂಗತಿ.

ಹೆಸರು ಮರೆತುಹೋದರೂ ಪುಸ್ತಕ ಉಳಿಯಬೇಕಿತ್ತು ಅಲ್ವಾ? ಯಾಕೆ ಉಳಿಯಲಿಲ್ಲ ಎಂದು ತಿಳಿಯಲು ಸ್ವಲ್ಪ ಅಮೆರಿಕದ ಕಡೆ ನೋಡಬೇಕು. ಪುಸ್ತಕ ಎಷ್ಟು ಚೆನ್ನಾಗಿ ಉಳಿದಿದೆ ಎಂದು ನೋಡಿ ಕಾಮಿಕ್ಸ್‌ಗೆ ‘ಗ್ರೇಡ್’ ಕೊಡುವ ಪದ್ಧತಿ ಬೆಳೆದದ್ದು ಅಲ್ಲಿ.

ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆ 1938ರದ್ದು. ಬೆಲೆ 10 ಸೆಂಟ್. ಹುಡುಗರು ಓದಿದರು, ಮಡಚಿ ಜೇಬಿಗೆ ತುರುಕಿದರು, ಗೆಳೆಯರಿಗೆ ಕೊಟ್ಟರು. ಎರಡನೇ ಮಹಾಯುದ್ಧದಲ್ಲಿ ಹಳೇ ಕಾಗದ ಸಂಗ್ರಹ ನಡೆದಾಗ ರಾಶಿ ರಾಶಿ ಕಾಮಿಕ್ಸ್ ಅದಕ್ಕೇ ಹೋಯಿತು. ಉಳಿದದ್ದು ತೀರಾ ಕಡಿಮೆ, ಅದರಲ್ಲೂ ಚೆನ್ನಾಗಿ ಉಳಿದದ್ದು ಬೆರಳೆಣಿಕೆ. 1970ರಲ್ಲಿ ರಾಬರ್ಟ್ ಓವರ್‌ಸ್ಟ್ರೀಟ್ ಬೆಲೆಪಟ್ಟಿಯ ಪುಸ್ತಕ ತಂದ ಮೇಲೆ ಒಂದೇ ಸಂಚಿಕೆಗೆ ಸ್ಥಿತಿ ನೋಡಿ ಬೇರೆ ಬೇರೆ ಬೆಲೆ ಎಂಬುದು ಗಟ್ಟಿಯಾಯಿತು. 2000ದಲ್ಲಿ ಸಿಜಿಸಿ ಎಂಬ ಕಂಪನಿ ಶುರುವಾಯಿತು. ಪುಸ್ತಕವನ್ನು ಪರೀಕ್ಷೆ ಮಾಡಿ, 10ಕ್ಕೆ ಇಷ್ಟು ಅಂಕ ಎಂದು ಬರೆದು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕಳಿಸುವುದು ಅದರ ಕೆಲಸ. 9.4 ಎಂದರೆ ಹೆಚ್ಚುಕಡಿಮೆ ಹೊಸದು. 9.8 ಎಂದರೆ ಅಂಗಡಿಯಿಂದ ಈಗ ತಂದಹಾಗೆ. ಬೆನ್ನಿನ ಹತ್ತಿರ ಕೂದಲೆಳೆಯಷ್ಟು ಸುಕ್ಕಿದ್ದರೂ ಅಂಕ ಇಳಿಯುತ್ತದೆ. ಹರಿದದ್ದನ್ನು ಅಂಟಿಸಿ, ಬಣ್ಣ ಹಚ್ಚಿ ಚಂದ ಮಾಡಿದ್ದರೆ ಅದಕ್ಕೆ ಬೇರೆ ಬಣ್ಣದ ಚೀಟಿ, ಬೆಲೆಯೂ ಕಡಿಮೆ.

2024ರಲ್ಲಿ ಆ ಮೊದಲ ‘ಆಕ್ಷನ್ ಕಾಮಿಕ್ಸ್’ನ 8.5 ಅಂಕದ ಒಂದು ಪ್ರತಿ 60 ಲಕ್ಷ ಡಾಲರಿಗೆ ಹರಾಜಾಯಿತು. ನನ್ನ ಮನಸ್ಸಿನಲ್ಲಿ ನಿಂತದ್ದು ಆ ದುಡ್ಡಲ್ಲ, 1977ರ ಒಂದು ಘಟನೆ. ಕೊಲರಾಡೋದ ಎಡ್ಗರ್ ಚರ್ಚ್ ಎಂಬುವರ ಮನೆಯಿಂದ ವ್ಯಾಪಾರಿ ಚಕ್ ರೊಜಾನ್ಸ್ಕಿಗೆ ಸಾವಿರಾರು ಹಳೇ ಕಾಮಿಕ್ಸ್ ಸಿಕ್ಕವು. ಮೂವತ್ತು ನಲವತ್ತು ವರ್ಷ ಹಳೆಯವು, ಆದರೆ ಕಾಗದ ಇನ್ನೂ ಬಿಳಿ. ಯಾರೂ ಔಷಧಿ ಹಚ್ಚಿರಲಿಲ್ಲ. ಒಂದರ ಮೇಲೊಂದು ಒತ್ತಾಗಿ ಪೇರಿಸಿದ್ದರು. ಒಳಗೆ ಗಾಳಿ ಬೆಳಕು ಹೋಗಲಿಲ್ಲ. ಊರು ಎತ್ತರದಲ್ಲಿದೆ, ಒಣ ಹವೆ, ತಂಪು. ಅಷ್ಟೇ ಸಾಕಾಗಿತ್ತು.

ಈಗ ಮುಂಬೈಗೆ ಬನ್ನಿ.

ಕಾಮಿಕ್ಸ್ ಅಚ್ಚಾಗುತ್ತಿದ್ದದ್ದು ಹೆಚ್ಚಾಗಿ ಅಗ್ಗದ ಕಾಗದದಲ್ಲಿ. ಮರವನ್ನು ಅರೆದು ಮಾಡುವ ಆ ಕಾಗದದಲ್ಲಿ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ. ಬೆಳಕು, ಗಾಳಿ ತಗಲಿದರೆ ಹಳದಿಯಾಗುತ್ತದೆ. ಕಾಗದದ ಆಮ್ಲ ನಿಧಾನವಾಗಿ ಎಳೆಗಳನ್ನು ತಿನ್ನುತ್ತದೆ. ಕೊನೆಗೆ ಹಪ್ಪಳದ ಹಾಗೆ ಮುರಿಯುತ್ತದೆ. ಸೆಖೆ ಮತ್ತು ತೇವ ಜಾಸ್ತಿ ಇದ್ದಲ್ಲಿ ಇದೆಲ್ಲ ಬೇಗ ಆಗುತ್ತದೆ. ನಮ್ಮಲ್ಲಿ ನಾಲ್ಕು ತಿಂಗಳು ಮಳೆ, ಉಳಿದ ಎಂಟು ತಿಂಗಳು ಬೆವರು, ಪಕ್ಕದಲ್ಲೇ ಸಮುದ್ರ. ಸ್ಟೇಪಲ್ ಪಿನ್ನಿಗೆ ತುಕ್ಕು ಹಿಡಿಯುತ್ತದೆ, ತುಕ್ಕಿನ ಕಲೆ ನಡುವಿನ ಪುಟಕ್ಕೆ ಇಳಿಯುತ್ತದೆ. ಬೂಷ್ಟು ಬರುತ್ತದೆ. ಬೆಳ್ಳಿ ಬಣ್ಣದ ಹುಳ ರಕ್ಷಾಪುಟದ ಹೊಳಪನ್ನು ಕೆರೆದು ತಿನ್ನುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಬಂತಲ್ಲ, ಆವತ್ತು ನೆಲಮಹಡಿಯ ಮನೆಗಳಲ್ಲಿ ಪುಸ್ತಕದ ಪೆಟ್ಟಿಗೆಗಳು ನೀರಲ್ಲಿ ಮುಳುಗಿದವು. ಹಾಗೆ ಎಲ್ಲ ಕಳೆದುಕೊಂಡ ಇಬ್ಬರನ್ನು ನಾನೇ ಬಲ್ಲೆ.

ಹವೆಯದೊಂದೇ ತಪ್ಪಲ್ಲ. ಇಲ್ಲಿ ಜಾಗ ಇಲ್ಲ. ಚಾಳಿನ ಒಂದು ಕೋಣೆಯಲ್ಲಿ ಆರು ಜನ ಇದ್ದಾಗ ಮಕ್ಕಳ ಪುಸ್ತಕಕ್ಕೆ ಸಿಗುವುದು ಮಾಳದ, ಅಂದರೆ ಅಟ್ಟದ, ಮೂಲೆ. ಅದು ತುಂಬಿದರೆ ರದ್ದಿ. ಕಾಮಿಕ್ಸ್ ಅಗಲವೂ ಕಡಿಮೆ, ತೂಕವೂ ಕಡಿಮೆ. ಸುಮ್ನೆ ಪೇಪರ್ ಕಟ್ಟಿನ ನಡುವೆ ಸೇರಿ ಹೋಗಿಬಿಡುತ್ತದೆ.

ಇಂದ್ರಜಾಲ ಕಾಮಿಕ್ಸ್‌ನ ಪಾಡು ಇದೇ. ಟೈಮ್ಸ್ ಆಫ್ ಇಂಡಿಯಾದ ಬೆನೆಟ್, ಕೋಲ್ಮನ್ ಕಂಪನಿ ಅದನ್ನು ಮುಂಬೈಯಿಂದ 1964ರ ಮಾರ್ಚ್‌ನಲ್ಲಿ ಶುರು ಮಾಡಿತು. ಮೊದಲ 32 ಸಂಚಿಕೆಯಲ್ಲೂ ಫ್ಯಾಂಟಮ್ ಕಥೆಗಳೇ. ಆಮೇಲೆ ಮ್ಯಾಂಡ್ರೇಕ್, ಫ್ಲಾಶ್ ಗಾರ್ಡನ್ ಬಂದರು. 1976ರಲ್ಲಿ ಆಬಿದ್ ಸುರತಿಯವರ ಬಹಾದುರ್ ಬಂದ. ಗೋವಿಂದ್ ಬರೆದ ರಕ್ಷಾಪುಟಗಳನ್ನು ನೋಡಿದವರು ಮರೆಯುವುದಿಲ್ಲ. ಕನ್ನಡದಲ್ಲೂ ಬಂತು. 1990ರಲ್ಲಿ ನಿಂತಿತು, ಅಷ್ಟರಲ್ಲಿ ಎಂಟುನೂರಕ್ಕೂ ಹೆಚ್ಚು ಸಂಚಿಕೆ ಬಂದಿದ್ದವು. ಇಷ್ಟೊಂದು ಬಂದರೂ ಮೊದಲ 32ರಲ್ಲಿ ಒಂದು ಒಳ್ಳೆಯ ಪ್ರತಿ ಸಿಕ್ಕರೆ ಸಂಗ್ರಾಹಕರು ಆ ದಿನ ಊಟ ಮರೆಯುತ್ತಾರೆ. ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯವರು ಮೇಲೆ ಖಾಕಿ ಕಾಗದ ಹಾಕಿ ಪಿನ್ನು ಹೊಡೆದಿರುತ್ತಿದ್ದರು, ರಬ್ಬರ್ ಮುದ್ರೆ ಒತ್ತಿರುತ್ತಿದ್ದರು. ಓದುವವರಿಗೆ ಅದು ಉಪಕಾರವೇ. ಗ್ರೇಡ್ ನೋಡುವವರಿಗೆ ಮಾತ್ರ ಒಂದೊಂದು ಪಿನ್ನೂ ಒಂದೊಂದು ತೂತು.

ನನ್ನದೇ ಒಂದು ಅನುಭವ ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ಫ್ಲೋರಾ ಫೌಂಟನ್‌ನ ಫುಟ್‌ಪಾತಿನಲ್ಲಿ ನನಗೆ ಹನ್ನೆರಡು ಹಳೇ ಇಂದ್ರಜಾಲ ಒಟ್ಟಿಗೆ ಸಿಕ್ಕವು. ಬಣ್ಣ ಮಾಸಿರಲಿಲ್ಲ, ಮೂಲೆಗಳು ಚೂಪಾಗಿದ್ದವು. ಹಾಳಾಗಬಾರದು ಎಂದು ಬೈಂಡರ್ ಒಬ್ಬರಿಗೆ ಕೊಟ್ಟೆ. ಅವರು ಅಂಚು ಸಮವಾಗಲಿ ಎಂದು ಮೂರು ಕಡೆ ಕತ್ತರಿಸಿ, ಬೆನ್ನಿಗೆ ಗೋಂದು ಹಚ್ಚಿ, ಕೆಂಪು ರಟ್ಟು ಹಾಕಿ ಕೊಟ್ಟರು. ಕೆಲಸ ಅಚ್ಚುಕಟ್ಟಾಗಿತ್ತು. ಹನ್ನೆರಡು ಪುಸ್ತಕದ ಬೆಲೆ ಒಂದೇ ಸಂಜೆಯಲ್ಲಿ ಹೋಯಿತು. ಕತ್ತರಿಸಿದ ಅಂಚನ್ನು ಮತ್ತೆ ಬೆಳೆಸಲು ಬರುವುದಿಲ್ಲ.

ಹಾಗಾಗಿ ಕೇಳಿದವರಿಗೆಲ್ಲ ಹೇಳುತ್ತಿರುತ್ತೇನೆ: ಬೈಂಡ್ ಮಾಡಿಸಬೇಡಿ, ಲ್ಯಾಮಿನೇಷನ್ ಬೇಡ, ಸೆಲೋಟೇಪ್ ಅಂತೂ ಬೇಡವೇ ಬೇಡ. ಅದರ ಅಂಟು ವರ್ಷ ಕಳೆದಂತೆ ಕಂದಾಗಿ ಕಾಗದದೊಳಗೆ ಇಳಿಯುತ್ತದೆ. ಪಿವಿಸಿ ಕವರ್ ಕೂಡ ಕೆಟ್ಟದ್ದು. ಪಾಲಿಯೆಸ್ಟರ್ ಅಂದರೆ ಮೈಲಾರ್ ಕವರ್, ಹಿಂದೆ ಆಮ್ಲ ಇಲ್ಲದ ರಟ್ಟು ಇದ್ದರೆ ಸಾಕು. ಹೊರಗಿನ ಗೋಡೆಗೆ ತಾಗದ ಕಪಾಟಿನಲ್ಲಿಡಿ, ಮಳೆಗಾಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಬದಲಾಯಿಸುತ್ತಿರಿ.

ಅಮರ ಚಿತ್ರಕಥೆ ಕೊಳ್ಳುವವರಿಗೆ ಇನ್ನೂ ಒಂದು ಎಚ್ಚರ ಬೇಕು. ಅದು ಮತ್ತೆ ಮತ್ತೆ ಅಚ್ಚಾದ ಸರಣಿ. ಪುಸ್ತಕ ಹೊಸದರ ಹಾಗಿದೆ ಎಂದ ಮಾತ್ರಕ್ಕೆ ಅದು ಮೊದಲ ಮುದ್ರಣವಲ್ಲ. ಮೇಲಿನ ಬೆಲೆ ನೋಡಬೇಕು. ಪುಸ್ತಕಗಳ ಪಟ್ಟಿ ಇದ್ದರೆ ಅದನ್ನು ಓದಬೇಕು. ಸಂಖ್ಯೆ 20ರ ಪುಸ್ತಕದ ಪಟ್ಟಿಯಲ್ಲಿ ನೂರರ ಆಚೆಯ ಹೆಸರು ಇದ್ದರೆ ಅದು ಆಮೇಲೆ ಅಚ್ಚಾದದ್ದು. ತೀರಾ ಹಳೆಯವುಗಳಲ್ಲಿ ಖರ್ಚು ಉಳಿಸಲು ಹಳದಿ, ನೀಲಿ, ಹಸಿರು ಬಣ್ಣಗಳನ್ನಷ್ಟೇ ಬಳಸುತ್ತಿದ್ದರು. ಅಂಥದ್ದು ಕಣ್ಣಿಗೆ ಬಿದ್ದರೆ ಒಂದು ಕ್ಷಣ ನಿಲ್ಲಿ.

ಕನ್ನಡದ ಆ ಮೊದಲ ಹತ್ತನ್ನು ನಾನು ಇನ್ನೂ ಹುಡುಕುತ್ತಿದ್ದೇನೆ. ಹಳೇ ಚಾಳುಗಳು ಒಡೆದು ಟವರ್ ಏಳುತ್ತಿರುವ ಈ ವರ್ಷಗಳಲ್ಲಿ ಮಾಳ ಖಾಲಿ ಮಾಡುವವರು ಜಾಸ್ತಿ. ಹೋದ ವರ್ಷ ಡೊಂಬಿವಲಿಯಿಂದ ಫೋನ್ ಬಂತು. ರಾತ್ರಿಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಮಾಸ್ತರರ ಮನೆ. ತೊಂಬತ್ತರ ಹತ್ತಿರದ ವಯಸ್ಸು. ಹಗಲು ಹೋಟೆಲಲ್ಲಿ ದುಡಿದು ರಾತ್ರಿ ಶಾಲೆಗೆ ಬರುತ್ತಿದ್ದ ಹುಡುಗರಿಗಾಗಿ ಅವರು ತಂದಿಟ್ಟ ಪುಸ್ತಕಗಳು ಒಂದು ತಗಡಿನ ಟ್ರಂಕಿನಲ್ಲಿದ್ದವು. ನಾನು ಒಂದೊಂದನ್ನೇ ಮೆಲ್ಲಗೆ ಎತ್ತಿ ನೋಡಿದೆ. ನನಗೆ ಬೇಕಾದ ಹತ್ತರಲ್ಲಿ ಒಂದೂ ಇರಲಿಲ್ಲ. ಕನ್ನಡದ ಒಂದು ಇಂದ್ರಜಾಲ ಇತ್ತು. ರಕ್ಷಾಪುಟ ಅರ್ಧ ಇಲ್ಲ, ನಡುವೆ ಎಣ್ಣೆಯ ಬೆರಳಚ್ಚು. ಗ್ರೇಡ್ ಲೆಕ್ಕದಲ್ಲಿ 1 ಬಂದರೆ ಹೆಚ್ಚು.

“ಇಷ್ಟು ಹರಿಯುವ ಹಾಗೆ ಯಾಕೆ ಬಿಟ್ಟಿರಿ ಮಾಸ್ತರೇ?” ಎಂದೆ.

“ಅವರಿಗೆ ಓದಲಿಕ್ಕೆ ಅಂತಲೇ ತಂದದ್ದು ಮಾರಾಯ. ಅಕ್ಷರ ಕೂಡಿಸಿ ಓದಲು ಕಲಿತದ್ದು ಇದರಲ್ಲೇ” ಎಂದರು.

ಒಳಪುಟ ತೆರೆದೆ. ಪೆನ್ಸಿಲಿನಲ್ಲಿ ಏಳು ಹುಡುಗರ ಹೆಸರು, ಒಬ್ಬೊಬ್ಬರದೂ ಒಂದೊಂದು ಕೈಬರಹ. ಪುಸ್ತಕ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಬರೆದಿಟ್ಟಿದ್ದರು. ನಾನು ಅದಕ್ಕೂ ಹೊಸ ಮೈಲಾರ್ ಕವರ್ ಹಾಕಿ, ಆ ಹೆಸರುಗಳ ಪುಟ ಕಾಣುವ ಹಾಗೆ ಇಟ್ಟಿದ್ದೇನೆ. ಮುಂದಿನ ತಿಂಗಳು ವಡಾಲಾದ ಒಂದು ಮನೆ ಖಾಲಿಯಾಗುತ್ತಿದೆ. ಅಲ್ಲೂ ಎರಡು ಟ್ರಂಕ್ ಇದೆಯಂತೆ.