4294967297: ಇದರೊಳಗೆ 641 ಸಿಗುವುದು ಹೇಗೆ?

429 ಕೋಟಿ 49 ಲಕ್ಷ 67 ಸಾವಿರದ 297. ಘಾತದಲ್ಲಿ ಬರೆದರೆ 2³² + 1. 2ರ ಘಾತವನ್ನು 1, 2, 4, 8, 16, 32 ಎಂದು ಇಮ್ಮಡಿಸುತ್ತ ಹೋಗಿ, ಪ್ರತಿ ಸಲವೂ 1 ಕೂಡಿಸಿದರೆ ಸಿಗುವವು ಫರ್ಮಾ ಸಂಖ್ಯೆಗಳು; ಆ ಸಾಲಿನಲ್ಲಿ 3, 5, 17, 257, 65537 ಆದ ಮೇಲೆ ಬರುವುದು ಇದೇ. ಮೊದಲ ಐದೂ ಅವಿಭಾಜ್ಯ. ಹಾಗಾಗಿ ಈ ಸಾಲಿನ ಎಲ್ಲ ಸಂಖ್ಯೆಗಳೂ ಅವಿಭಾಜ್ಯವೇ ಇರಬೇಕೆಂದು 1640ರಲ್ಲಿ ಫ್ರಾನ್ಸಿನ ಗಣಿತಜ್ಞ ಪಿಯೇರ್ ದ ಫರ್ಮಾ ನಂಬಿದ್ದರು. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ಇದನ್ನು ಒಡೆದು ತೋರಿಸಿದರು:

4294967297 = 641 × 6700417

ಉತ್ತರ ಎಲ್ಲ ಪುಸ್ತಕಗಳಲ್ಲೂ ಇದೆ. 641ನ್ನು ಹುಡುಕುವ ದಾರಿಯನ್ನು ಮಾತ್ರ ನಾವೇ ಒಮ್ಮೆ ನಡೆದು ನೋಡಬೇಕು.

ಪ ಎಂಬ ಅವಿಭಾಜ್ಯ ಸಂಖ್ಯೆ ಇದನ್ನು ಶೇಷವಿಲ್ಲದೆ ಭಾಗಿಸುತ್ತದೆ ಎನ್ನಿ. ಆಗ ಪ-ದಿಂದ ಭಾಗಿಸಿದಾಗ 2³²ರ ಶೇಷ −1ಕ್ಕೆ ಸಮ (ಅಂದರೆ ಪೂರ್ತಿ ಭಾಗವಾಗಲು 1 ಕಡಿಮೆ). ವರ್ಗ ಮಾಡಿದರೆ 2⁶⁴ರ ಶೇಷ 1. ಇದಕ್ಕಿಂತ ಚಿಕ್ಕ ಘಾತದಲ್ಲೇ ಶೇಷ 1 ಬರಬಹುದೇ? ಬಂದರೆ, ಅಂಥ ಅತಿ ಚಿಕ್ಕ ಘಾತ 64ರ ಅಪವರ್ತನವಾಗಿರಬೇಕು; 64ಕ್ಕಿಂತ ಚಿಕ್ಕದಾದ್ದರಿಂದ 32ರ ಅಪವರ್ತನವೂ ಆಗುತ್ತದೆ. ಆಗ 2³²ರ ಶೇಷವೂ 1 ಆಗಬೇಕಿತ್ತು, ಆದರೆ ಅದು −1. ಆದ್ದರಿಂದ 64ಕ್ಕಿಂತ ಮುಂಚೆ 1 ಬರುವುದಿಲ್ಲ. ಇನ್ನೊಂದು ಕಡೆ, ಫರ್ಮಾ ಅವರದೇ ಕಿರು ಪ್ರಮೇಯದ ಪ್ರಕಾರ 2ರ ಪ−1ನೇ ಘಾತವನ್ನು ಪ-ದಿಂದ ಭಾಗಿಸಿದಾಗ ಶೇಷ 1. ಅಂದರೆ 64 ಎಂಬುದು ಪ−1ನ್ನು ಭಾಗಿಸಲೇಬೇಕು; ಪ = 64ಕ + 1 (ಕ ಒಂದು ಪೂರ್ಣಾಂಕ). ಟಿಪ್ಪಣಿಯ ಜೀವಾಳ ಇದೇ, ನಿಧಾನವಾಗಿ ಎರಡು ಸಲ ಓದಿ.

ಈಗ ಹುಡುಕಾಟ ಎಷ್ಟು ಚಿಕ್ಕದಾಯಿತು ನೋಡಿ. 64ಕ + 1 ರೂಪದ ಅವಿಭಾಜ್ಯಗಳು 193, 257, 449, 577, 641. ಐದನೆಯದರಲ್ಲೇ ಸಿಕ್ಕಿತು!

ಉದ್ದದ ಭಾಗಾಕಾರ ಬೇಡವೆನ್ನುವವರಿಗೆ ಇನ್ನೊಂದು ಸೊಗಸಾದ ತಾಳೆ ಇದೆ. 641 = 5 × 2⁷ + 1; ಅದೇ 641 = 5⁴ + 2⁴ ಕೂಡ. ಮೊದಲನೆಯದರಿಂದ 5 × 2⁷ರ ಶೇಷ −1, ಅದರ ನಾಲ್ಕನೇ ಘಾತ 5⁴ × 2²⁸ರ ಶೇಷ 1. ಎರಡನೆಯದರಿಂದ 5⁴ರ ಜಾಗದಲ್ಲಿ −2⁴ ಹಾಕಬಹುದು. ಹಾಗೆ ಹಾಕಿದರೆ −2³²ರ ಶೇಷ 1, ಅಂದರೆ 2³² + 1ರ ಶೇಷ ಸೊನ್ನೆ.

6700417 ಅವಿಭಾಜ್ಯ. ಅದನ್ನು ಭಾಗಿಸುವ ಅವಿಭಾಜ್ಯ 4294967297ನ್ನೂ ಭಾಗಿಸಬೇಕು; ಅದರ ವರ್ಗಮೂಲ 2589ಕ್ಕಿಂತ ಕಡಿಮೆ, ಅಷ್ಟರೊಳಗಿನ 64ಕ + 1 ರೂಪದ ಅವಿಭಾಜ್ಯಗಳನ್ನಷ್ಟೇ ಪರೀಕ್ಷಿಸಿದರೆ ಸಾಕು.

ಪರೀಕ್ಷೆಗೆ ಓದುವವರು ಗಮನಿಸಬೇಕಾದ ಇನ್ನೊಂದು ಗುಣವಿದೆ. 4294967297ಕ್ಕೆ ಆಧಾರ 2 ಇಟ್ಟು ಕಿರು ಪ್ರಮೇಯದ ಪರೀಕ್ಷೆ ಮಾಡಿದರೆ (ಅಂದರೆ ಸಂಖ್ಯೆಯಲ್ಲಿ ಒಂದು ಕಳೆದಷ್ಟು ಘಾತಕ್ಕೆ ಆಧಾರವನ್ನು ಏರಿಸಿ, ಆ ಸಂಖ್ಯೆಯಿಂದಲೇ ಭಾಗಿಸಿದಾಗ ಶೇಷ 1 ಬರುವುದೇ ಎಂದು ನೋಡಿದರೆ) ಪಾಸಾಗಿಬಿಡುತ್ತದೆ! 2⁶⁴ರ ಶೇಷ ಇಲ್ಲೂ 1, ಒಂದು ಕಳೆದಾಗ ಉಳಿಯುವ 2³² ಎಂಬ ಘಾತ 64ರ ಗುಣಕ; ಹಾಗಾಗಿ ಶೇಷ 1 ಬಂದೇ ಬರುತ್ತದೆ. ಆಧಾರ 3 ತೆಗೆದುಕೊಂಡರೆ ಶೇಷ 1 ಬರುವುದಿಲ್ಲ, ಸಂಯುಕ್ತ ಸಂಖ್ಯೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಅದಕ್ಕೆ ಬೇಕಾದದ್ದು 3ರಿಂದ ಹೊರಟು 32 ಸಲ ವರ್ಗ ಮಾಡಿ, ಪ್ರತಿ ಸಲವೂ ಶೇಷವನ್ನಷ್ಟೇ ಉಳಿಸಿಕೊಳ್ಳುವ ತಾಳ್ಮೆ.