ಬ್ರೇಕ್ ಹಿಡಿದರೆ ಎಂಜಿನ್ ಆಫ್ ಆಗುತ್ತಾ? ಬ್ರೇಕ್ ಬಿಟ್ಟು ಬೇರೆ ಕಡೆ ನೋಡಿ

ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗ ನಮ್ಮ ಗ್ಯಾರೇಜಿಗೆ ಬೈಕ್ ತಂದ. ತೀರ್ಥಹಳ್ಳಿಯಿಂದ ಸೋಮೇಶ್ವರದ ಕಡೆಗೆ ದಿನಾ ಓಡಾಡುವವನು. ಊರೊಳಗೆ ಬೈಕ್ ಚೆನ್ನಾಗೇ ಓಡುತ್ತಿತ್ತು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಮಾತ್ರ, ಜೋರಾಗಿ ಬ್ರೇಕ್ ಹಿಡಿದರೆ ಎಂಜಿನ್ ಆಫ್. ಅಷ್ಟರಲ್ಲಾಗಲೇ ಅವನು ಪ್ಲಗ್ ಬದಲಿಸಿದ್ದ, ಬ್ಯಾಟರಿ ಹೊಸದು ಹಾಕಿಸಿದ್ದ, ಬ್ರೇಕ್ ಪ್ಯಾಡ್ ಕೂಡ ಹೊಸದು. ತೊಂದರೆ ಹಾಗೇ ಇತ್ತು.

ಇಂಥ ಬೈಕ್ ಬಂದಾಗ ನಾನು ಮೊದಲು ಹೇಳುವ ಮಾತು ಒಂದೇ. ಬೈಕಿನಲ್ಲಿ ಬ್ರೇಕಿಗೂ ಎಂಜಿನ್ನಿಗೂ ನೇರ ಸಂಬಂಧ ಇಲ್ಲ. ಪೆಟ್ರೋಲ್ ಕಾರಿನಲ್ಲಿ ಬ್ರೇಕಿಗೆ ಹೆಚ್ಚು ಬಲ ಕೊಡುವ ಬೂಸ್ಟರ್ ಸಾಮಾನ್ಯವಾಗಿ ಎಂಜಿನ್ನಿನಿಂದಲೇ ವ್ಯಾಕ್ಯೂಮ್ ಎಳೆದುಕೊಳ್ಳುತ್ತದೆ, ಹಾಗಾಗಿ ಅಲ್ಲಿ ಬ್ರೇಕ್ ಮೇಲೆ ಅನುಮಾನ ಪಡಬಹುದು. ಬೈಕಿನಲ್ಲಿ ಅದೇನೂ ಇಲ್ಲ. ಆದರೆ ನಾವು ಬ್ರೇಕ್ ಹಿಡಿಯುವಾಗ ಜೊತೆಗೆ ಇನ್ನೂ ನಾಲ್ಕು ಕೆಲಸ ಆಗುತ್ತವೆ. ರೇಸ್ ಬಿಡುತ್ತೇವೆ. ಕ್ಲಚ್ ಹಿಡಿಯುತ್ತೇವೆ. ಬೈಕಿನ ಮೂತಿ ಕೆಳಗೆ ಬಾಗುತ್ತದೆ. ಹಿಂದೆ ಬ್ರೇಕ್ ಲೈಟ್ ಹತ್ತುತ್ತದೆ. ಕಳ್ಳ ಇರುವುದು ಹೆಚ್ಚಾಗಿ ಈ ನಾಲ್ಕರಲ್ಲಿ. ಒಂದೊಂದನ್ನೇ ಬೇರೆ ಮಾಡಿ ನೋಡಿದರೆ ಸಿಕ್ಕಿಬೀಳುತ್ತಾನೆ. ಸುಮ್ನೆ ಪಾರ್ಟ್ ಬದಲಿಸುತ್ತಾ ಹೋದರೆ ದುಡ್ಡು ಹೋಗುತ್ತದೆ ಅಷ್ಟೆ.

ಅದಕ್ಕೂ ಮುಂಚೆ ಒಂದು ಪ್ರಶ್ನೆ ಕೇಳುತ್ತೇನೆ: ಹೇಗೆ ಆಫ್ ಆಯ್ತು? ಉಸಿರು ಕಟ್ಟಿದ ಹಾಗೆ ನಿಧಾನಕ್ಕೆ ಕುಸಿಯಿತಾ? ಹಾಗಿದ್ದರೆ ಪೆಟ್ರೋಲ್, ಗಾಳಿ, ಸ್ಲೋ (ರೇಸ್ ಕೊಡದಿದ್ದಾಗ ಎಂಜಿನ್ ಓಡುವ ವೇಗ) ಕಡೆ ಅನುಮಾನ. ಸ್ವಿಚ್ ಒತ್ತಿದ ಹಾಗೆ ಪಟ್ ಅಂತ ನಿಂತಿತಾ? ಆಗ ಕರೆಂಟಿನ ಕಡೆ. ಒಂದು ಜರ್ಕ್ ಹೊಡೆದು ನಿಂತಿತಾ? ಕ್ಲಚ್. ಇದು ನೂರಕ್ಕೆ ನೂರು ಸರಿ ಅಂತಲ್ಲ. ಆದರೆ ಹುಡುಕಾಟ ಎಲ್ಲಿಂದ ಶುರು ಮಾಡಬೇಕು ಅನ್ನುವುದು ಗೊತ್ತಾಗುತ್ತದೆ.

ಜಾಸ್ತಿ ಬೈಕುಗಳಲ್ಲಿ ತಪ್ಪಿತಸ್ಥ ಸ್ಲೋ, ಅಂದರೆ ಐಡ್ಲಿಂಗ್. ಪರೀಕ್ಷೆ ಸುಲಭ. ಖಾಲಿ ರಸ್ತೆಯಲ್ಲಿ ಹೋಗುತ್ತಾ ರೇಸ್ ಬಿಟ್ಟು ಕ್ಲಚ್ ಹಿಡಿಯಿರಿ, ಬ್ರೇಕ್ ಮುಟ್ಟಬೇಡಿ. ಆಗಲೂ ಆಫ್ ಆದರೆ ಬ್ರೇಕಿನ ಮಾತು ಅಲ್ಲಿಗೆ ಮುಗಿಯಿತು. ನಮ್ಮ ಸಾಮಾನ್ಯ 100 ಸಿಸಿ ಬೈಕುಗಳು ಬಿಸಿಯಾದ ಮೇಲೆ 1400 ಆರ್‌ಪಿಎಂ (ನಿಮಿಷಕ್ಕೆ 1400 ಸುತ್ತು) ಆಸುಪಾಸಿನಲ್ಲಿ ನಿಲ್ಲಬೇಕು. ಕಾರ್ಬುರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ) ಇರುವ ಬೈಕಾದರೆ ಸ್ಲೋಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಕಟ್ಟಿಕೊಂಡಿರಬಹುದು. ಅದರ ತೂತು ಸೂಜಿಮೊನೆಯಷ್ಟು ಸಣ್ಣದು. ತಂತಿ ಹಾಕಿ ಚುಚ್ಚಬೇಡಿ. ತೂತು ದೊಡ್ಡದಾದರೆ ಆ ಜೆಟ್ ಕೆಲಸಕ್ಕೆ ಬರುವುದಿಲ್ಲ. ಕ್ಲೀನರ್ ಹಾಕಿ ಗಾಳಿ ಹೊಡೆದರೆ ಸಾಕು. ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಬಿರುಕು ಬಿಟ್ಟಿದೆಯಾ ನೋಡಿ. ಬಿಸಿಯಾದ ಮೇಲೆ ಮಾತ್ರ ಆಫ್ ಆಗುವುದಾದರೆ ಟಪೆಟ್, ಅಂದರೆ ಎಂಜಿನ್ ವಾಲ್ವಿಗೆ ಬಿಡುವ ಸಣ್ಣ ಸಡಿಲ, ಬಿಗಿಯಾಗಿರಬಹುದು. ಅದನ್ನು ಎಂಜಿನ್ ತಣ್ಣಗಿರುವಾಗಲೇ ನೋಡಬೇಕು.

2020ರ ಏಪ್ರಿಲ್‌ನಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಹೊಸ ಬೈಕುಗಳು ಹೆಚ್ಚು ಕಡಿಮೆ ಎಲ್ಲವೂ ಇಂಜೆಕ್ಷನ್, ಅಂದರೆ ಕಾರ್ಬುರೇಟರ್ ಬದಲು ಪೆಟ್ರೋಲನ್ನು ಚಿಮ್ಮಿಸುವಂಥವು. ಇವುಗಳಲ್ಲಿ ಗೇರಿನಲ್ಲಿದ್ದು ರೇಸ್ ಪೂರ್ತಿ ಬಿಟ್ಟಾಗ ಇಸಿಯು (ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್) ಸಾಮಾನ್ಯವಾಗಿ ಪೆಟ್ರೋಲ್ ಕೊಡುವುದನ್ನೇ ನಿಲ್ಲಿಸುತ್ತದೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ಕ್ಲಚ್ ಹಿಡಿದ ಕೂಡಲೇ ಎಂಜಿನ್ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಕಪ್ಪು ಮಸಿ ಕೂತಿದ್ದರೆ ಆ ಕ್ಷಣಕ್ಕೆ ಬೇಕಾದ ಗಾಳಿ ಸಿಗುವುದಿಲ್ಲ, ಎಂಜಿನ್ ಕುಸಿಯುತ್ತದೆ. ಪೆಟ್ರೋಲ್ ಉಳಿಸಲು ಕ್ಲಚ್ ಹಿಡಿದು ಘಾಟಿ ಇಳಿಯುವವರು ಇದನ್ನು ಗಮನಿಸಿ. ಇಂಥ ಬೈಕಿನಲ್ಲಿ ಹಾಗೆ ಮಾಡಿದರೆ ಉಳಿತಾಯವೂ ಇಲ್ಲ, ಎಂಜಿನ್ನಿನ ಹಿಡಿತವೂ ಹೋಗುತ್ತದೆ.

ಸ್ಲೋ ಸ್ಕ್ರೂ ತಿರುಗಿಸಿ 2000ಕ್ಕೆ ಏರಿಸಿ ಕಳಿಸುವುದನ್ನು ನಾನು ಒಪ್ಪುವುದಿಲ್ಲ. ರೋಗ ಮುಚ್ಚಿಹೋಗುತ್ತದೆ, ಬೈಕ್ ಬ್ರೇಕ್ ಹಿಡಿದಾಗಲೂ ಮುಂದಕ್ಕೆ ತಳ್ಳುತ್ತಿರುತ್ತದೆ.

ಇನ್ನು ಕ್ಲಚ್. ಲಿವರ್ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಸಡಿಲ ಇರಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಲಿವರ್ ಪೂರ್ತಿ ಒತ್ತಿದರೂ ಪ್ಲೇಟ್ ಬಿಡುವುದಿಲ್ಲ. ಬೈಕನ್ನು ಮೇನ್ ಸ್ಟ್ಯಾಂಡಿಗೆ ಹಾಕಿ, ಎಂಜಿನ್ ಬಿಸಿ ಮಾಡಿ, ಫಸ್ಟ್ ಗೇರಿಗೆ ಹಾಕಿ ಕ್ಲಚ್ ಹಿಡಿಯಿರಿ. ಹಿಂದಿನ ಚಕ್ರ ನಿಧಾನಕ್ಕೆ ತಿರುಗಬಹುದು. ಆಯಿಲಿನ ಎಳೆತಕ್ಕೆ ಅಷ್ಟು ಸಹಜ. ಈಗ ಹಿಂದಿನ ಬ್ರೇಕ್ ಮೆಲ್ಲಗೆ ಒತ್ತಿ. ಚಕ್ರ ನಿಂತು ಎಂಜಿನ್ ಓಡುತ್ತಲೇ ಇದ್ದರೆ ಸರಿ. ಎಂಜಿನ್ ಒದ್ದಾಡಿ ನಿಂತರೆ ಕೇಬಲ್, ಪ್ಲೇಟ್ ನೋಡಬೇಕು.

ಮೂತಿ ಬಾಗಿದಾಗಿನ ತೊಂದರೆ ಬೇರೆ ಥರದ್ದು. ಕಾರ್ಬುರೇಟರ್ ಬೈಕಿನಲ್ಲಿ ಪೆಟ್ರೋಲ್ ಮುಂದಕ್ಕೆ ನುಗ್ಗುತ್ತದೆ, ಕಾರ್ಬುರೇಟರ್ ಬಟ್ಟಲಿನ ಪೆಟ್ರೋಲ್ ಮಟ್ಟ (ಫ್ಲೋಟ್ ಲೆವೆಲ್) ತಪ್ಪಿದ್ದರೆ ಜೆಟ್ಟಿಗೆ ಸಾಲುವುದಿಲ್ಲ ಅಥವಾ ಉಕ್ಕುತ್ತದೆ. ಮಲೆನಾಡಿನಲ್ಲಿ ಇನ್ನೊಂದು: ನೀರು. ಫ್ಲೋಟ್ ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಒಂದು ಗಾಜಿನ ಬಾಟಲಿಗೆ ಇಳಿಸಿ ನೋಡಿ. ನೀರು ಪೆಟ್ರೋಲಿಗಿಂತ ಭಾರ, ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ. ಬೈಕ್ ಸಮನಾಗಿ ಓಡುವಾಗ ಅದು ತಳದಲ್ಲೇ ತೆಪ್ಪಗಿದ್ದು, ಬ್ರೇಕ್ ಹಿಡಿದಾಗ ಎದ್ದು ಜೆಟ್ಟಿನ ಬಾಯಿಗೆ ಬರುತ್ತದೆ. ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ನೀರನ್ನು ಬೇಗ ಹೀರುತ್ತದೆ, ಹಾಗಾಗಿ ಟ್ಯಾಂಕ್ ಮುಚ್ಚಳದ ರಬ್ಬರ್ ಚೆನ್ನಾಗಿರಲಿ.

ಬ್ರೇಕ್ ಲೈಟಿನ ವಿಚಾರ ಚಿಕ್ಕದು. ಬೈಕ್ ನಿಲ್ಲಿಸಿಕೊಂಡು, ಸ್ಲೋದಲ್ಲಿ ಬಿಟ್ಟು ಬ್ರೇಕ್ ಒತ್ತಿ. 21 ವ್ಯಾಟ್ ಬಲ್ಬ್ ಸುಮಾರು 2 ಆಂಪಿಯರ್ ಎಳೆಯುತ್ತದೆ. ಅಷ್ಟಕ್ಕೇ ಎಂಜಿನ್ ಸೊರಗಿದರೆ ಬ್ಯಾಟರಿ ಟರ್ಮಿನಲ್, ಅರ್ಥಿಂಗ್, ಚಾರ್ಜಿಂಗ್ ನೋಡಿ.

ಆ ಹುಡುಗನ ಬೈಕ್ ಈ ಪರೀಕ್ಷೆ ಎಲ್ಲದರಲ್ಲೂ ಪಾಸಾಯಿತು. ಪಟ್ ಅಂತ ನಿಲ್ಲುತ್ತದೆ ಅಂದಿದ್ದ, ಅದೂ ಜೋರಾಗಿ ಹಿಡಿದಾಗ ಮಾತ್ರ. ಬಗ್ಗಿ ಸೈಡ್ ಸ್ಟ್ಯಾಂಡನ್ನು ಬೆರಳಲ್ಲಿ ಮುಂದಕ್ಕೆ ತಳ್ಳಿದೆ. ತಡೆಯೇ ಇಲ್ಲದೆ ಬಂತು. ಸ್ಪ್ರಿಂಗ್ ತುಕ್ಕು ಹಿಡಿದು ಜೋತುಬಿದ್ದಿತ್ತು. ಸ್ಟ್ಯಾಂಡ್ ತೆರೆಯುವುದು ಮುಂದಕ್ಕೆ. ಜೋರಾಗಿ ಬ್ರೇಕ್ ಹಿಡಿದರೆ ಅದರ ಭಾರವೇ ಅದನ್ನು ಮುಂದಕ್ಕೆ ಎಸೆಯುತ್ತದೆ. ಸ್ಟ್ಯಾಂಡ್ ಇಳಿದರೆ ಎಂಜಿನ್ ನಿಲ್ಲಿಸುವ ಸ್ವಿಚ್ ಆ ಬೈಕಿನಲ್ಲಿತ್ತು. ಗೇರಿನಲ್ಲಿರುವಾಗ ಅದು ಇಷ್ಟೇ ಅಲುಗಿದರೂ ಎಂಜಿನ್ ಕಟ್.

ಸ್ವಿಚ್ಚಿನ ವೈರ್ ಕತ್ತರಿಸಿ ಜೋಡಿಸಿಬಿಡಿ ಅಂತ ಅವನ ಗೆಳೆಯ ಹೇಳಿದ. ನಾನು ಮಾಡಲಿಲ್ಲ. ಸ್ಟ್ಯಾಂಡ್ ಇಳಿದಿರುವಾಗಲೇ ತಿರುವಿನಲ್ಲಿ ಬಾಗಿದರೆ ಏನಾಗುತ್ತದೆ ಅಂತ ಗೊತ್ತಲ್ವಾ? ಹೊಸ ಸ್ಪ್ರಿಂಗ್ ಹಾಕಿ, ಕೀಲಿಗೆ ಗ್ರೀಸ್ ಹಚ್ಚಿ ಕೊಟ್ಟೆ.

ಹೋಗುವ ಮುಂಚೆ ಅವನಿಗೆ ಒಂದು ವಿಷಯ ಬಿಡಿಸಿ ಹೇಳಿದೆ. ಘಾಟಿಯಲ್ಲಿ ಎಂಜಿನ್ ನಿಂತರೂ ಬೈಕಿನ ಬ್ರೇಕ್ ಹಿಡಿಯುತ್ತದೆ. ಡಿಸ್ಕ್ ಇರಲಿ, ಡ್ರಮ್ ಇರಲಿ, ಅದು ನಡೆಯುವುದು ನಿನ್ನ ಕೈಕಾಲಿನ ಬಲದಿಂದ. ಗಾಬರಿಯಾಗಿ ತಿರುವಿನ ಮಧ್ಯೆ ಕ್ಲಚ್ ಬಿಡಬೇಡ, ಹಿಂದಿನ ಚಕ್ರ ಜಾರುತ್ತದೆ. ಮೊದಲು ಎಡಕ್ಕೆ ತಂದು ನಿಲ್ಲಿಸು, ಆಮೇಲೆ ಸ್ಟಾರ್ಟ್ ಮಾಡು.