ರಕ್ತದಲ್ಲೇ ಬರುತ್ತದಾ ಅಪರಾಧ?

1978ರಲ್ಲಿ ನೆದರ್ಲೆಂಡ್ಸ್‌ನ ನೈಮೇಗನ್ ನಗರದ ಆಸ್ಪತ್ರೆಗೆ ಮಹಿಳೆಯೊಬ್ಬರು ಬಂದರು. ಅವರನ್ನು ಕಾಡುತ್ತಿದ್ದದ್ದು ತಮ್ಮ ಮನೆತನದ ಗಂಡಸರ ಚಿಂತೆ. ಅವರಲ್ಲಿ ಹಲವರಿಗೆ ಬುದ್ಧಿ ಬೆಳವಣಿಗೆ ಸ್ವಲ್ಪ ಕಡಿಮೆ. ಸಣ್ಣ ಮಾತಿಗೂ ಕೆರಳುತ್ತಿದ್ದರು. ಬೆಂಕಿ ಹಚ್ಚುವುದು, ಅತ್ಯಾಚಾರಕ್ಕೆ ಪ್ರಯತ್ನಿಸುವುದು ಎಲ್ಲ ನಡೆದಿತ್ತು. ವಿಚಿತ್ರ ಅಂದರೆ, ಆ ಮನೆಯ ಹೆಂಗಸರಲ್ಲಿ ಯಾರಿಗೂ ಈ ತೊಂದರೆ ಇರಲಿಲ್ಲ. ಇದು ಮುಂದೆ ಮಕ್ಕಳಿಗೂ ಬರುತ್ತದಾ ಎಂಬುದೇ ಆ ತಾಯಿಯ ಭಯ.

ಉತ್ತರ ಸಿಗಲು 15 ವರ್ಷ ಹಿಡಿಯಿತು. 1993ರಲ್ಲಿ ತಳಿವಿಜ್ಞಾನಿ ಹಾನ್ ಬ್ರುನ್ನರ್ ಮತ್ತು ಅವರ ಸಂಗಡಿಗರು ಕಾರಣ ಕಂಡುಹಿಡಿದರು. ನಮ್ಮ ನರಕೋಶಗಳು ಸೆರೊಟೋನಿನ್, ಡೋಪಮೈನ್‌ನಂಥ ರಾಸಾಯನಿಕಗಳ ಮೂಲಕ ಮಾತಾಡಿಕೊಳ್ಳುತ್ತವೆ. ಕೆಲಸ ಮುಗಿದ ಮೇಲೆ ಅವುಗಳನ್ನು ಒಡೆದುಹಾಕಲು ಒಂದು ಕಿಣ್ವ ಬೇಕು. ಅದನ್ನು ತಯಾರಿಸುವ ಜೀನ್‌ನ ಹೆಸರು ಎಂಎಒಎ. ಆ ಗಂಡಸರಲ್ಲಿ ಈ ಜೀನ್‌ನ ಒಂದೇ ಒಂದು ಅಕ್ಷರ ಬದಲಾಗಿತ್ತು. ಕಿಣ್ವ ಕೆಲಸವನ್ನೇ ಮಾಡುತ್ತಿರಲಿಲ್ಲ. ಜೀನ್‌ಗಳನ್ನು ಹೊತ್ತಿರುವ ಎಳೆಗಳೇ ಕ್ರೋಮೋಸೋಮ್‌ಗಳು. ಈ ಜೀನ್ ಇರುವುದು ಎಕ್ಸ್ ಕ್ರೋಮೋಸೋಮ್ ಮೇಲೆ. ಹೆಂಗಸರಿಗೆ ಎಕ್ಸ್ ಎರಡಿರುತ್ತವೆ, ಒಂದು ಕೆಟ್ಟರೂ ಇನ್ನೊಂದು ನಿಭಾಯಿಸುತ್ತದೆ. ಗಂಡಸರಿಗೆ ಇರುವುದು ಒಂದೇ, ಅದರ ಜೊತೆಗಿರುವುದು ವೈ.

ಅಷ್ಟು ಸಾಕಾಯಿತು. 'ಕ್ರಿಮಿನಲ್ ಜೀನ್ ಸಿಕ್ಕಿತು' ಅನ್ನುವ ಮಾತು ಹಬ್ಬಿತು. ಹಾಗೆ ಕರೆಯಬೇಡಿ ಎಂದು ಬ್ರುನ್ನರ್ ಅವರೇ ಹೇಳಬೇಕಾಯಿತು. ಈ ಜೀನ್ ಪೂರ್ತಿ ಕೆಟ್ಟಿರುವ ಕುಟುಂಬಗಳು ಪ್ರಪಂಚದಲ್ಲಿ ಬೆರಳೆಣಿಕೆಯಷ್ಟು. ಜಗತ್ತಿನ ಅಪರಾಧಗಳಿಗೆಲ್ಲ ಅದು ಹೇಗೆ ಉತ್ತರವಾದೀತು?

'ರಕ್ತದಲ್ಲೇ ಬಂದಿದೆ ಬಿಡಿ' ಅಂತ ನಾವು ಎಷ್ಟು ಸುಲಭವಾಗಿ ಹೇಳಿಬಿಡುತ್ತೇವೆ, ಅಲ್ವಾ? ಆ ಮಾತು ಎಷ್ಟು ಅಪಾಯದ್ದು ಎಂಬುದಕ್ಕೆ ಹಳೆಯ ಕಥೆಯೊಂದಿದೆ. 1965ರಲ್ಲಿ ಸ್ಕಾಟ್ಲೆಂಡ್‌ನಲ್ಲಿ, ಹಿಂಸೆ, ಅಪರಾಧದ ಹಿನ್ನೆಲೆಯ ರೋಗಿಗಳನ್ನು ಇಡುತ್ತಿದ್ದ ಬಿಗಿ ಕಾವಲಿನ ಆಸ್ಪತ್ರೆಯೊಂದರಲ್ಲಿ 197 ಗಂಡಸರನ್ನು ಪರೀಕ್ಷಿಸಿದರು. ಏಳು ಮಂದಿಯಲ್ಲಿ ಒಂದು ವೈ ಕ್ರೋಮೋಸೋಮ್ ಹೆಚ್ಚಿಗೆ ಇತ್ತು. ಸಾಮಾನ್ಯವಾಗಿ ಇದು ಸಾವಿರ ಗಂಡಸರಲ್ಲಿ ಒಬ್ಬರಿಗೆ ಇರುತ್ತದೆ. ಇದೇ ಹಿಂಸೆಯ ಮೂಲ ಎಂಬ ನಂಬಿಕೆ ಬೆಳೆಯಿತು. ಬೋಸ್ಟನ್‌ನಲ್ಲಿ ಆಗತಾನೇ ಹುಟ್ಟಿದ ಗಂಡುಮಕ್ಕಳಲ್ಲೂ ಇದನ್ನು ಹುಡುಕತೊಡಗಿದರು. ವಿರೋಧ ಜೋರಾಗಿ 1975ರಲ್ಲಿ ನಿಲ್ಲಿಸಬೇಕಾಯಿತು. ನನಗೆ ತುಂಬಾ ನೋವು ಕೊಡುವ ಸಂಗತಿ ಇದು. ಇನ್ನೂ ಕಣ್ಣೂ ಬಿಡದ ಮಗುವಿನ ಮೇಲೆ ಅನುಮಾನ! ಮರುವರ್ಷ ಡೆನ್ಮಾರ್ಕ್‌ನ ಅಧ್ಯಯನ ಬಂತು. ಹೆಚ್ಚುವರಿ ವೈ ಇರುವವರು ಸಾಮಾನ್ಯವಾಗಿ ಎತ್ತರ ಇರುತ್ತಾರೆ. ಅಲ್ಲಿ 4,000ಕ್ಕೂ ಹೆಚ್ಚು ಎತ್ತರದ ಗಂಡಸರನ್ನು ಪರೀಕ್ಷಿಸಿದಾಗ 12 ಮಂದಿಯಲ್ಲಿ ಆ ಹೆಚ್ಚುವರಿ ವೈ ಸಿಕ್ಕಿತು. ಅವರಲ್ಲಿ ಐವರಿಗೆ ಶಿಕ್ಷೆಯಾಗಿತ್ತು ನಿಜ. ಆದರೆ ಹೆಚ್ಚಿನವು ಸಣ್ಣಪುಟ್ಟ ತಪ್ಪುಗಳು. ಅವರು ಹೆಚ್ಚು ಹಿಂಸೆಯವರು ಎಂಬುದಕ್ಕೆ ಪುರಾವೆ ಸಿಗಲಿಲ್ಲ.

ಹಾಗಂತ ಹುಟ್ಟಿನಿಂದ ಬರುವುದು ಏನೂ ಇಲ್ಲ ಅಂತಲೂ ಹೇಳುವಂತಿಲ್ಲ. ಡೆನ್ಮಾರ್ಕ್‌ನಲ್ಲೇ 14,000ಕ್ಕೂ ಹೆಚ್ಚು ದತ್ತು ಮಕ್ಕಳ ದಾಖಲೆಗಳನ್ನು ನೋಡಿ 1984ರಲ್ಲಿ ಒಂದು ವರದಿ ಪ್ರಕಟವಾಯಿತು. ಹೆತ್ತವರಿಗೂ ಸಾಕಿದವರಿಗೂ ಶಿಕ್ಷೆಯಾಗಿರದ ಗಂಡುಮಕ್ಕಳಲ್ಲಿ ನೂರಕ್ಕೆ 13.5 ಮಂದಿ ತಪ್ಪಿತಸ್ಥರಾಗಿದ್ದರು. ಹೆತ್ತವರಿಗೆ ಮಾತ್ರ ಶಿಕ್ಷೆಯಾಗಿದ್ದರೆ ಅದು 20. ಈ ಸಂಬಂಧ ಕಂಡದ್ದು ಕಳ್ಳತನದಂಥ ಅಪರಾಧಗಳಲ್ಲಿ, ಹಿಂಸೆಯಲ್ಲಿ ಅಲ್ಲ. ಇನ್ನೊಂದು ಕಡೆಯಿಂದ ನೋಡಿ: ಅಪರಾಧಿಗೆ ಹುಟ್ಟಿದ ನೂರು ಹುಡುಗರಲ್ಲಿ 80 ಮಂದಿಗೆ ಯಾವ ಶಿಕ್ಷೆಯೂ ಆಗಿರಲಿಲ್ಲ.

ಎಂಎಒಎ ಕಥೆ 2002ರಲ್ಲಿ ಮತ್ತೊಂದು ತಿರುವು ಪಡೆಯಿತು. ನ್ಯೂಜಿಲೆಂಡ್‌ನ ಡುನೆಡಿನ್‌ನಲ್ಲಿ ಹುಟ್ಟಿದಾಗಿನಿಂದ ಗಮನಿಸುತ್ತಾ ಬಂದಿದ್ದ 442 ಹುಡುಗರ ಅಧ್ಯಯನ ಅದು. ಕೆಲವರಲ್ಲಿ ಈ ಜೀನ್ ಸ್ವಲ್ಪ ನಿಧಾನ, ಅಂದರೆ ಕಿಣ್ವವನ್ನು ಕಡಿಮೆ ತಯಾರಿಸುತ್ತಿತ್ತು ಅಷ್ಟೇ, ಪೂರ್ತಿ ಕೆಟ್ಟಿರಲಿಲ್ಲ. ಅಂಥವರು ಬೇಕಾದಷ್ಟು ಮಂದಿ ಇರುತ್ತಾರೆ. ಪ್ರೀತಿಯಿಂದ ಬೆಳೆದಿದ್ದರೆ ಅವರು ಉಳಿದವರಂತೆಯೇ ಇದ್ದರು. ಬಾಲ್ಯದಲ್ಲಿ ಹೊಡೆತ, ದೌರ್ಜನ್ಯ ಅನುಭವಿಸಿದವರ ಕಥೆ ಬೇರೆ. ನಿಧಾನದ ಜೀನ್ ಮತ್ತು ದೌರ್ಜನ್ಯ ಎರಡೂ ಇದ್ದವರು ಗುಂಪಿನಲ್ಲಿ ನೂರಕ್ಕೆ 12 ಮಾತ್ರ. ಆದರೆ ಹಿಂಸೆಗಾಗಿ ಆದ ಶಿಕ್ಷೆಗಳಲ್ಲಿ ನೂರಕ್ಕೆ 44 ಅವರವೇ. ಆಮೇಲಿನ ಎಲ್ಲ ಅಧ್ಯಯನಗಳಲ್ಲೂ ಇಷ್ಟು ಸ್ಪಷ್ಟವಾಗಿ ಇದು ಕಂಡಿಲ್ಲ. ಆದರೂ ನನಗೆ ಇದು ದೊಡ್ಡ ಮಾತಾಗಿ ಕಾಣುತ್ತದೆ. ಪೆಟ್ಟು ಬಿದ್ದಾಗ ಕೆಲವು ಮಕ್ಕಳಿಗೆ ಜಾಸ್ತಿ ನಾಟುತ್ತದೆ. ಪೆಟ್ಟು ಕೊಟ್ಟದ್ದು ಮಾತ್ರ ಜೀನ್ ಅಲ್ಲ.

ರಕ್ತದಲ್ಲಿ ನಿಜವಾಗಿಯೂ ಹರಿದಾಡಿದ ಒಂದು ವಸ್ತುವೂ ಇದೆ: ಸೀಸ. ಹಳೆಯ ಬಣ್ಣಗಳಲ್ಲಿ, ಪೆಟ್ರೋಲ್‌ನಲ್ಲಿ ಅದನ್ನು ದಶಕಗಳ ಕಾಲ ಬೆರೆಸುತ್ತಿದ್ದರು. ದೇಹ ಸೀಸವನ್ನು ಕ್ಯಾಲ್ಸಿಯಂ ಅಂದುಕೊಂಡು ಒಳಗೆ ಬಿಟ್ಟುಕೊಳ್ಳುತ್ತದೆ. ಬೆಳೆಯುತ್ತಿರುವ ಮೆದುಳಿಗೆ ಅದು ವಿಷ. ಅಮೆರಿಕದ ಸಿನ್ಸಿನಾಟಿಯಲ್ಲಿ 1979ರಿಂದ 1984ರ ನಡುವೆ ಹುಟ್ಟಿದ ಮಕ್ಕಳ ರಕ್ತವನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಅವರಲ್ಲಿ 250 ಮಂದಿ ದೊಡ್ಡವರಾದ ಮೇಲೆ ಅವರ ಪೊಲೀಸ್ ದಾಖಲೆಗಳನ್ನು ನೋಡಿದರು. ಬಾಲ್ಯದಲ್ಲಿ ರಕ್ತದಲ್ಲಿ ಸೀಸ ಹೆಚ್ಚಿದ್ದಷ್ಟೂ ಬಂಧನಗಳು ಹೆಚ್ಚಾಗಿದ್ದವು. ಅದೇ ಗುಂಪಿನವರ ಮೆದುಳಿನ ಸ್ಕ್ಯಾನ್ ಮಾಡಿದಾಗ ಮುಂಭಾಗ ಸ್ವಲ್ಪ ಕುಗ್ಗಿದ್ದು ಕಂಡಿತು. 'ತಡಿ, ಯೋಚನೆ ಮಾಡು' ಎಂದು ನಮ್ಮನ್ನು ಹಿಡಿದು ನಿಲ್ಲಿಸುವ ಭಾಗ ಅದೇ. ಆ ಮಕ್ಕಳು ಹೆಚ್ಚಾಗಿ ಹಳೆಯ ಮನೆಗಳಲ್ಲಿದ್ದ ಬಡವರ ಮಕ್ಕಳು. ಗೋಡೆಗೆ ವಿಷ ಬಳಿದವರು ಬೇರೆ ಯಾರೋ.

ಹಾಗಾದರೆ ಏನು ಮಾಡಬಹುದು? ನ್ಯೂಯಾರ್ಕ್ ರಾಜ್ಯದ ಎಲ್ಮೈರಾದಲ್ಲಿ ಸಂಶೋಧಕ ಡೇವಿಡ್ ಓಲ್ಡ್ಸ್ 1970ರ ದಶಕದ ಕೊನೆಯಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಮೊದಲ ಬಾರಿ ತಾಯಿಯಾಗಲಿದ್ದ, ಹೆಚ್ಚಾಗಿ ಚಿಕ್ಕ ವಯಸ್ಸಿನ ಬಡ ಹೆಣ್ಣುಮಕ್ಕಳ ಮನೆಗೆ ನರ್ಸ್‌ಗಳು ಹೋಗಿ ಬರುತ್ತಿದ್ದರು. ಬಸಿರಿನಲ್ಲಿದ್ದಾಗಿನಿಂದ ಮಗುವಿಗೆ ಎರಡು ವರ್ಷ ತುಂಬುವವರೆಗೆ. ಸಿಗರೇಟು ಬಿಡಿ, ಸರಿಯಾಗಿ ಊಟ ಮಾಡಿ, ಮಗು ಅತ್ತರೆ ಹೀಗೆ ಸಮಾಧಾನ ಮಾಡಿ, ಇಂಥ ಮಾತುಗಳು. ಆ ಮಕ್ಕಳಿಗೆ 15 ವರ್ಷವಾದಾಗ ನೋಡಿದರೆ, ನರ್ಸ್ ಹೋಗದ ಮನೆಗಳ ಮಕ್ಕಳಿಗಿಂತ ಬಂಧನಗಳು ಕಡಿಮೆ ಆಗಿದ್ದವು. 19ರಲ್ಲಿ ಮತ್ತೆ ನೋಡಿದಾಗ ಹುಡುಗಿಯರಲ್ಲಿ ಮಾತ್ರ ಆ ವ್ಯತ್ಯಾಸ ಉಳಿದಿತ್ತು. ಹುಡುಗರಿಗೆ ಎರಡು ವರ್ಷದ ಆಸರೆ ಸಾಲಲಿಲ್ಲವೇನೋ.